ಚಹಾದ ಸಕ್ಕರೆ ಬಿಟ್ಟರೆ ಸಾಲದು: ರೊಟ್ಟಿಯ ನಾಡಿನಲ್ಲಿ ಮಧುಮೇಹದ ಊಟ

ಧಾರವಾಡದಲ್ಲಿ ಈಗ ಯಾರ ಮನೆಗೆ ಹೋದರೂ ಕುಳಿತ ಕೂಡಲೇ ಒಂದು ಪ್ರಶ್ನೆ ಬರುತ್ತದೆ: "ಚಹಾಕ್ಕೆ ಸಕ್ಕರೆ ಹಾಕಲೋ, ಬೇಡವೋ?" ಇಪ್ಪತ್ತು ವರ್ಷಗಳ ಹಿಂದೆ ಬಂದವರನ್ನು ಹೀಗೆ ಕೇಳುವ ರೂಢಿಯೇ ಇರಲಿಲ್ಲ. ಈಗ ಕೇಳದಿದ್ದರೆ ತಪ್ಪಾಗುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ ಜನ. ಅವರಲ್ಲಿ ನನ್ನ ಅವ್ವ ಒಬ್ಬಳು.

ರೋಗ ಪತ್ತೆಯಾದ ದಿನವೇ ಅವ್ವ ಚಹಾದ ಸಕ್ಕರೆ ಬಿಟ್ಟಳು. ಓಣಿಯ ಹಿರಿಯರೊಬ್ಬರ ಮಾತು ಕೇಳಿ ಬೆಲ್ಲ ಹಿಡಿದಳು. ಅದೂ ಬೇಡವೆಂದು ವೈದ್ಯರು ಹೇಳಿದ ಮೇಲೆ, ಸಕ್ಕರೆಯ ಬದಲು ಚಹಾಕ್ಕೆ ಹಾಕುವ ಸಿಹಿಗುಳಿಗೆಗೆ ಬಂದಳು. ಇಷ್ಟೆಲ್ಲ ಮಾಡಿದರೂ ಮೂರು ತಿಂಗಳಿಗೊಮ್ಮೆ ಮಾಡಿಸುವ, ಅಷ್ಟು ದಿನದ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ ಎಂಟೂವರೆಯಿಂದ ಕೆಳಗೆ ಇಳಿಯಲೇ ಇಲ್ಲ. "ಸಕ್ಕರೆ ಮುಟ್ಟುವುದೇ ಇಲ್ಲ, ಆದರೂ ಏಕೆ ಏರುತ್ತದೆ?" ಎಂದು ಆಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ನಮ್ಮ ಮನೆಯ ರೊಟ್ಟಿಬುಟ್ಟಿಯಲ್ಲಿ. ಅದನ್ನು ಹುಡುಕಿದ ದಾರಿಯನ್ನೇ ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಾನು ವೈದ್ಯಳಲ್ಲ, ಎಂಟು ವರ್ಷಗಳಿಂದ ಮಧುಮೇಹಿಯ ತಾಟು ಬಡಿಸುತ್ತಿರುವವಳು.

ಮೊದಲು: ಗುಳಿಗೆಯ ಹೆಸರು ನೋಡಿಕೊಳ್ಳಿ

ಊಟ ಬದಲಿಸುವ ಮುನ್ನ ಮಾಡಬೇಕಾದ ಕೆಲಸ ಇದು. ಇದನ್ನು ದಾಟಿ ಮುಂದೆ ಹೋಗಬೇಡಿ. ಔಷಧಿಯ ಚೀಟಿಯಲ್ಲಿ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಎಂಬ ಹೆಸರುಗಳಿದ್ದರೆ, ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಊಟ ಕಡಿಮೆಯಾದ ದಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಆ ಭಯ ಬಹಳ ಕಡಿಮೆ. ಹಾಗಾಗಿ "ರೊಟ್ಟಿ, ಅನ್ನ ಕಡಿಮೆ ಮಾಡುತ್ತಿದ್ದೇನೆ, ಗುಳಿಗೆಯ ಪ್ರಮಾಣ ಬದಲಿಸಬೇಕೇ?" ಎಂದು ವೈದ್ಯರನ್ನು ಕೇಳಿ. ಮೂತ್ರಪಿಂಡದ ತೊಂದರೆ ಇರುವವರು ಕಾಳು, ಸೊಪ್ಪು ಹೆಚ್ಚಿಸುವುದಕ್ಕೂ ಅವರ ಒಪ್ಪಿಗೆ ಪಡೆಯಬೇಕು.

ಇನ್ನೂ ಪರೀಕ್ಷೆಯನ್ನೇ ಮಾಡಿಸದವರಿಗೆ ಒಂದು ಮಾತು. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ, ಸಕ್ಕರೆಯ ತಪಾಸಣೆ ಉಚಿತ. ಬರಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 126 (ಮಿ.ಗ್ರಾಂ/ಡೆ.ಲೀ.) ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದು, ಇನ್ನೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಇದ್ದರೆ ಅದು ಮಧುಮೇಹ. ರೋಗ ಇರುವ ಬಹಳ ಜನರಿಗೆ ವೈದ್ಯರು ಇಡುವ ಗುರಿ ಬರಿ ಹೊಟ್ಟೆಯಲ್ಲಿ 80ರಿಂದ 130, ಊಟದ ಎರಡು ತಾಸಿನ ನಂತರ 180ರೊಳಗೆ. ವಯಸ್ಸಾದವರಿಗೆ ಈ ಗುರಿಯನ್ನು ಸ್ವಲ್ಪ ಸಡಿಲಿಸುವುದೂ ಉಂಟು.

ಒಂದು ವಾರ ಏನೂ ಬದಲಿಸದೆ ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬೆಳಗಿನ ಚಹಾದಿಂದ ರಾತ್ರಿಯ ಮಜ್ಜಿಗೆಯವರೆಗೆ ಬಾಯಿಗೆ ಹೋದದ್ದನ್ನೆಲ್ಲ ಏಳು ದಿನ ಬರೆಯಿರಿ. ಮೊಮ್ಮಕ್ಕಳ ತಾಟಿನಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡದ್ದು, ದೇವಸ್ಥಾನದ ಪ್ರಸಾದ, ಮಾರುಕಟ್ಟೆಯಿಂದ ಬರುವಾಗ ಕುಡಿದ ಕಬ್ಬಿನ ಹಾಲು, ಎಲ್ಲವೂ ಇರಲಿ. ಅವ್ವನ ಪಟ್ಟಿ ನೋಡಿದಾಗ ಮೊದಲು ಕಂಡದ್ದು: ಮಧ್ಯಾಹ್ನ ಮೂರು ರೊಟ್ಟಿ, ಅದರ ಮೇಲೆ ಒಂದು ಬಟ್ಟಲು ಅನ್ನ, ಸಾರು. ಪಲ್ಯ ಎರಡು ಚಮಚ.

ರೊಟ್ಟಿಯ ಲೆಕ್ಕ

ಈ ಹೆಜ್ಜೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ಕಡೆಯ ದೊಡ್ಡ ತಪ್ಪು ತಿಳಿವಳಿಕೆ ಇರುವುದು ಇಲ್ಲೇ. "ಜೋಳದ ರೊಟ್ಟಿ ಶುಗರ್ ಇದ್ದವರಿಗೆ ಒಳ್ಳೆಯದು" ಎಂಬ ಮಾತು "ಎಷ್ಟು ತಿಂದರೂ ನಡೆಯುತ್ತದೆ" ಎಂದು ಬದಲಾಗಿಬಿಟ್ಟಿದೆ.

ಜೋಳ ಒಳ್ಳೆಯ ಧಾನ್ಯವೇ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪ್ರೋಟೀನ್ ಸುಮಾರು 10 ಗ್ರಾಂ. ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ತುಂಬುವುದಿಲ್ಲ. ಆದರೆ ಅದೇ ಜೋಳದಲ್ಲಿ ಪಿಷ್ಟ, ಅಂದರೆ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗುವ ಭಾಗ (ಕಾರ್ಬೋಹೈಡ್ರೇಟ್), ಸುಮಾರು 68 ಗ್ರಾಂ ಇದೆ. ಅಕ್ಕಿಯಲ್ಲಿ 78. ಜೋಳದ ಪಿಷ್ಟ ರಕ್ತಕ್ಕೆ ನಿಧಾನವಾಗಿ ಬರುತ್ತದೆ, ಆದರೆ ಬರುವುದಂತೂ ಬರುತ್ತದೆ.

ನಿಮ್ಮ ಮನೆಯ ರೊಟ್ಟಿಯಲ್ಲಿ ಎಷ್ಟಿದೆ ಎಂದು ತಿಳಿಯುವುದು ಸುಲಭ. ನಾದಿದ ಉಂಡೆ ತೂಗಿದರೆ ನೀರಿನ ತೂಕವೂ ಸೇರಿಬಿಡುತ್ತದೆ. ಅದಕ್ಕೇ ಅರ್ಧ ಕಿಲೋ ಒಣ ಹಿಟ್ಟು ತೂಗಿ, ಅದಷ್ಟನ್ನೂ ನಾದಿ ಬಡಿದು, ಎಷ್ಟು ರೊಟ್ಟಿಯಾದವು ಎಂದು ಎಣಿಸಿ. ನಮ್ಮ ಮನೆಯಲ್ಲಿ ಎಂಟಾದವು. ಅಂದರೆ ಒಂದು ರೊಟ್ಟಿಗೆ ಸುಮಾರು 62 ಗ್ರಾಂ ಹಿಟ್ಟು, ಅದರಲ್ಲಿ 42 ಗ್ರಾಂ ಪಿಷ್ಟ. ಮೂರು ರೊಟ್ಟಿಗೆ 126. ಮೇಲಿನ ಅನ್ನಕ್ಕೆ 50 ಗ್ರಾಂ ಅಕ್ಕಿ ಎಂದು ಹಿಡಿದರೆ ಇನ್ನೂ 39. ಒಂದೇ ಊಟಕ್ಕೆ 165 ಗ್ರಾಂ.

ಈಗ ಚಹಾ ನೋಡಿ. ಒಂದು ಚಮಚ ಸಕ್ಕರೆ 5 ಗ್ರಾಂ. ದಿನಕ್ಕೆ ನಾಲ್ಕು ಕಪ್, ಕಪ್ಪಿಗೆ ಎರಡು ಚಮಚ ಎಂದರೆ 40 ಗ್ರಾಂ. ಅವ್ವ ಇಷ್ಟು ವರ್ಷ ಮನಸ್ಸು ಗಟ್ಟಿ ಮಾಡಿ ಬಿಟ್ಟದ್ದು ದಿನದ ಈ 40 ಗ್ರಾಂ. ಮಧ್ಯಾಹ್ನದ ಒಂದೇ ತಾಟಿನಲ್ಲಿದ್ದ 165ರ ಕಡೆಗೆ ನಾವು ಯಾರೂ ತಿರುಗಿಯೂ ನೋಡಿರಲಿಲ್ಲ. ಚಹಾದ ಸಕ್ಕರೆ ಬಿಟ್ಟದ್ದು ವ್ಯರ್ಥ ಎಂದು ನಾನು ಹೇಳುತ್ತಿಲ್ಲ, ಅದನ್ನು ಬಿಡಲೇಬೇಕು. ಆದರೆ ಸಿಹಿಗುಳಿಗೆಯ ಡಬ್ಬಿ ಈ 165ಕ್ಕೆ ಏನೂ ಮಾಡಲಾರದು.

ಹೊಲದ ಕೆಲಸವಿಲ್ಲದ, ಮನೆಯಲ್ಲೇ ಇರುವ ಹಿರಿಯರಿಗೆ ಆಹಾರತಜ್ಞರು ಸಾಮಾನ್ಯವಾಗಿ ಒಂದು ಹೊತ್ತಿಗೆ 45ರಿಂದ 60 ಗ್ರಾಂ ಪಿಷ್ಟದಿಂದ ಆರಂಭಿಸಲು ಹೇಳುತ್ತಾರೆ. "ಒಂದೇ ರೊಟ್ಟಿ ತಿನ್ನು" ಎಂದರೆ ಅವ್ವನ ಮುಖ ಬಾಡುತ್ತಿತ್ತು. ನಾವು ಬೇರೆ ದಾರಿ ಹಿಡಿದೆವು. ಅರ್ಧ ಕಿಲೋ ಹಿಟ್ಟಿನಲ್ಲಿ ಎಂಟರ ಬದಲು ಹನ್ನೆರಡು ರೊಟ್ಟಿ ಬಡಿಯತೊಡಗಿದೆವು, ತೆಳ್ಳಗೆ, ಅದೇ ಅಗಲಕ್ಕೆ. ಈಗ ಒಂದರಲ್ಲಿ 28 ಗ್ರಾಂ. ಎರಡು ತಿಂದರೂ 56. ಕಾಳಿನ ಪಲ್ಯದ್ದು ಸೇರಿದರೆ 70ರ ಹತ್ತಿರ ಹೋಗುತ್ತದೆ, ಅಷ್ಟನ್ನು ಅವ್ವನ ದೇಹ ತಾಳಿಕೊಂಡಿತು. ಮನೆಯಲ್ಲಿ ರಕ್ತದ ಸಕ್ಕರೆ ಅಳೆಯುವ ನಿಮ್ಮ ಗ್ಲುಕೋಮೀಟರ್ ಒಪ್ಪದಿದ್ದರೆ ಒಂದೂವರೆಗೆ ಇಳಿಸಿ. ದಿನವೆಲ್ಲ ಹೊಲದಲ್ಲಿ ದುಡಿಯುವವರಿಗೆ ಈ ಅಳತೆ ಸಾಲದು, ಅವರ ಲೆಕ್ಕವೇ ಬೇರೆ.

ಖಡಕ್ ರೊಟ್ಟಿ ತಿನ್ನುವವರು ಇನ್ನಷ್ಟು ಎಚ್ಚರವಾಗಿರಬೇಕು. ಅದು ಹಗುರ, ಮುರಿಮುರಿದು ಬಾಯಿಗೆ ಹಾಕಿಕೊಳ್ಳುತ್ತ ಹೋದರೆ ಎಷ್ಟಾಯಿತು ಎಂಬುದೇ ತಿಳಿಯುವುದಿಲ್ಲ. ಅದರಲ್ಲಿ ನೀರು ಇರುವುದಿಲ್ಲ, ತೂಕವೆಲ್ಲ ಹಿಟ್ಟೇ. ಕೊಂಡು ತರುವ ರೊಟ್ಟಿಯಾದರೆ ಅಕ್ಕಿಹಿಟ್ಟು ಬೆರೆಸಿದ್ದಾರೆಯೇ ಎಂದು ಮಾಡುವವರನ್ನೇ ಕೇಳಿ. ಗಿರಣಿಯಿಂದ ತಂದ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಸೋಸಬೇಡಿ. ಜರಡಿಯಲ್ಲಿ ಉಳಿಯುವ ತೌಡಿನಲ್ಲೇ ನಾರಿನ ದೊಡ್ಡ ಪಾಲಿದೆ.

ತಾಟಿನ ಜೋಡಣೆ

ತಾಟಿನ ಅರ್ಧಭಾಗ ತರಕಾರಿ, ಸೊಪ್ಪು. ಕಾಲುಭಾಗ ಕಾಳು, ಬೇಳೆ, ಮೊಸರು, ಅಥವಾ ತಿನ್ನುವವರಿಗೆ ಮೊಟ್ಟೆ, ಮೀನು, ಕೋಳಿ. ಉಳಿದ ಕಾಲುಭಾಗ ರೊಟ್ಟಿ ಅಥವಾ ಅನ್ನ. ಈ ಅಳತೆಯನ್ನು ಎಲ್ಲ ಕಡೆ ಹೇಳುತ್ತಾರೆ. ಅದನ್ನು ತುಂಬಲು ಪೇಟೆಯ ದುಬಾರಿ ಸಾಮಾನು ಬೇಕಿಲ್ಲ ಎಂಬುದು ನಮ್ಮ ಭಾಗ್ಯ. ಮೆಂತ್ಯ, ಪುಂಡಿ, ರಾಜಗಿರಿ, ಕಿರಕಸಾಲಿ, ಹತ್ತರಕಿ ಹೀಗೆ ವಾರದ ಸಂತೆಯಲ್ಲಿ ಸಿಗುವ ಸೊಪ್ಪುಗಳನ್ನು ಎಣಿಸಿದರೆ ಒಂದು ವಾರಕ್ಕೆ ಎರಡು ಸಲ ಒಂದೇ ಪಲ್ಯ ಬರುವುದಿಲ್ಲ. ಮಡಕಿ ಕಾಳು, ಹೆಸರುಕಾಳು, ಅಲಸಂದಿ, ಹುರುಳಿ ನೆನೆಸಿ ಮೊಳಕೆ ಬರಿಸಿದರೆ ಉಸುಳಿ. ಕಡಲೆಹಿಟ್ಟಿನ ಝುಣಕ. ಎಣ್ಣೆಗಾಯಿಯನ್ನೂ ಬಿಡಬೇಕಿಲ್ಲ, ಎಣ್ಣೆಯನ್ನು ಅರ್ಧಕ್ಕೆ ಇಳಿಸಿ ಶೇಂಗಾ, ಗುರೆಳ್ಳಿನ ಮಸಾಲೆಯ ಮೇಲೆ ರುಚಿ ನಿಲ್ಲಿಸಿ.

ಹಸಿ ಮೂಲಂಗಿ, ಸೌತೆಕಾಯಿ, ಗಜ್ಜರಿ, ಮೆಂತ್ಯದ ಎಲೆ ಕೊಚ್ಚಿ ಗುರೆಳ್ಳು ಪುಡಿ ಹಾಕಿ ಕಲಸಿದ ಪಚಡಿ ನಮ್ಮ ಊಟದಲ್ಲಿ ಮೊದಲಿನಿಂದಲೂ ಇತ್ತು, ಅಂಚಿನಲ್ಲಿ ಒಂದು ಚಿಟಿಕೆಯಷ್ಟು. ಈಗ ಅದನ್ನು ಒಂದು ಬಟ್ಟಲಾಗಿಸಿ, ಮೊದಲು ಅದನ್ನೇ ತಿನ್ನಿ. ಆಮೇಲೆ ಕಾಳು, ಪಲ್ಯ. ರೊಟ್ಟಿಗೆ ಕೈ ಹೋಗುವುದು ಕೊನೆಗೆ. ತರಕಾರಿ ಮತ್ತು ಪ್ರೋಟೀನ್ ಮೊದಲು ಹೊಟ್ಟೆಗೆ ಹೋದರೆ ಅದೇ ಊಟಕ್ಕೆ ಸಕ್ಕರೆ ಕಡಿಮೆ ಏರುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ರೊಟ್ಟಿ, ಪಲ್ಯವನ್ನು ಒಟ್ಟಿಗೆ ತಿನ್ನುವುದೇ ರೂಢಿಯಾದ ನಮಗೆ ಇದು ಪೂರ್ತಿ ಸಾಧ್ಯವಿಲ್ಲ. ಪಚಡಿಯನ್ನಾದರೂ ಮೊದಲು ಮುಗಿಸಬಹುದು.

ಅನ್ನದ ವಿಷಯ. ರೊಟ್ಟಿ ಮುಗಿದ ಮೇಲೆ ಅನ್ನ ಬಡಿಸದಿದ್ದರೆ ಊಟ ಮುಗಿದಂತೆ ಅನಿಸುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ಒಂದು ಹೊತ್ತಿಗೆ ಒಂದೇ ಧಾನ್ಯ ಎಂಬ ನಿಯಮ ಮಾಡಿಕೊಳ್ಳಿ. ಅನ್ನ ಬಿಡಲಾಗದ ದಿನ ನಿಯಮ ಸಡಿಲಿಸಿ, ಒಂದು ರೊಟ್ಟಿ ಕಡಿಮೆ ಮಾಡಿ. ಉಳಿದ ದಿನ ಊಟದ ಕೊನೆಗೆ ಜೀರಿಗೆ, ಕೊತ್ತಂಬರಿ ಹಾಕಿದ ಒಂದು ಲೋಟ ಮಜ್ಜಿಗೆ. ನವಣೆ, ಸಾವೆ ಅನ್ನ ಬಿಳಿ ಅಕ್ಕಿಗಿಂತ ಮೇಲು. ಆದರೆ ಅವುಗಳಲ್ಲೂ ಪಿಷ್ಟ ಹೆಚ್ಚೇ ಇರುವುದರಿಂದ ಬಟ್ಟಲು ಚಿಕ್ಕದೇ ಇರಲಿ.

ಬೆಳಗಿನ ನಾಷ್ಟಾದಲ್ಲಿ ಉಪ್ಪಿಟ್ಟು, ಅವಲಕ್ಕಿ, ಇಡ್ಲಿ ಎಂದು ಸುತ್ತುವ ಬದಲು ಒಂದು ತೆಳು ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ ತಿನ್ನುವ ಹಳೆಯ ಪದ್ಧತಿಗೆ ಮರಳಿದರೆ ಒಳ್ಳೆಯದು. ಹೆಸರುಕಾಳಿನ ದೋಸೆಯೂ ಆಗುತ್ತದೆ. ಮಧುಮೇಹಿಗಳಿಗೆ ಎಂದು ಎಲ್ಲರೂ ಹೇಳುವ ರಾಗಿ ಗಂಜಿಯನ್ನು ನಾನು ಒಪ್ಪುವುದಿಲ್ಲ. ನುಣ್ಣನೆಯ ಹಿಟ್ಟು ನೀರಿನಲ್ಲಿ ಬೆಂದು ಕುಡಿಯುವಂತಾದಾಗ ಅದು ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ಜಗಿದು ತಿನ್ನುವ ಆಹಾರ, ಕುಡಿಯುವ ಆಹಾರ ಎರಡರಲ್ಲಿ ಯಾವಾಗಲೂ ಜಗಿಯುವುದನ್ನೇ ಆರಿಸಿ. ಹಣ್ಣಿಗೂ ಇದೇ ಮಾತು: ಧಾರವಾಡದ ಪೇರಲ ಒಂದು ತಿನ್ನಬಹುದು, ಆಪೂಸ್ ಮಾವಿನ ಕಾಲದಲ್ಲಿ ಅರ್ಧ ಹಣ್ಣು ತಿನ್ನಬಹುದು, ರಸ ತೆಗೆದು ಕುಡಿಯಬೇಡಿ.

ಸಂಜೆ ನಾಲ್ಕರ ನಂತರ

ಗಿರಮಿಟ್ಟು, ಮಿರ್ಚಿ ಇಲ್ಲದ ಸಂಜೆ ನಮ್ಮ ಕಡೆ ಅಪರೂಪ. ಚುರುಮುರಿ ಕೈಗೆ ಹಗುರ, ಹೊಟ್ಟೆಗೂ ಹಗುರ ಎಂದುಕೊಳ್ಳುತ್ತೇವೆ. ಅಕ್ಕಿಯನ್ನು ಉಬ್ಬಿಸಿ ಮಾಡಿದ ಅದು ಬಹಳ ಬೇಗ ಸಕ್ಕರೆಯಾಗುತ್ತದೆ. ತಿನ್ನುವುದೇ ಆದರೆ ಚುರುಮುರಿ ಒಂದು ಹಿಡಿ, ಉಳ್ಳಾಗಡ್ಡಿ, ಟೊಮೆಟೊ, ಸೌತೆಕಾಯಿ, ಪುಠಾಣಿ, ಶೇಂಗಾ ಮೂರು ಹಿಡಿ ಎಂಬ ಲೆಕ್ಕದಲ್ಲಿ ಮನೆಯಲ್ಲಿ ಕಲಸಿ. ದಿನವೂ ಬೇಕೆನ್ನುವವರಿಗೆ ಒಂದು ಹಿಡಿ ಹುರಿದ ಶೇಂಗಾ ಅಥವಾ ಒಂದು ಬಟ್ಟಲು ಉಸುಳಿ ಸಾಕು.

ಸಿಹಿಗೆ ಬದಲಿ: ಯಾವುದು ಏನು

ಬೆಲ್ಲದಿಂದ ಆರಂಭಿಸುತ್ತೇನೆ, ಏಕೆಂದರೆ ಅವ್ವ ಇದನ್ನು ನಂಬಿ ಎರಡು ವರ್ಷ ಕಳೆದುಕೊಂಡಳು. ಬೆಲ್ಲವೂ ಕಬ್ಬಿನ ಸಕ್ಕರೆಯೇ. ಅದರಲ್ಲಿ ಸ್ವಲ್ಪ ಖನಿಜಾಂಶ ಉಳಿದಿರುತ್ತದೆ, ಆದರೆ ರಕ್ತದಲ್ಲಿ ಏರುವ ಸಕ್ಕರೆಯ ಮಟ್ಟಿಗೆ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸಾವಯವ ಬೆಲ್ಲ, ತಾಳೆಬೆಲ್ಲ, ಜೇನುತುಪ್ಪ, ಖರ್ಜೂರ, ಕಂದು ಸಕ್ಕರೆ ಎಲ್ಲವನ್ನೂ ಇದೇ ಸಾಲಿನಲ್ಲಿ ಇಡಿ. ಇವು ಸಿಹಿತಿಂಡಿಗಳು, ಸಕ್ಕರೆಗೆ ಬದಲಿ ಆಗಲಾರವು.

ನಿಜವಾದ ಬದಲಿಗಳು ಬೇರೆ. ಗುಳಿಗೆಯಲ್ಲೋ ಪುಡಿಯಲ್ಲೋ ಸಿಗುವವುಗಳಲ್ಲಿ ಸ್ಯಾಕರಿನ್ ಅತಿ ಹಳೆಯದು, 1879ರಲ್ಲಿ ಪತ್ತೆಯಾದದ್ದು. ಸ್ವಲ್ಪ ಕಹಿ ಉಳಿಸುತ್ತದೆ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ, ಸುಕ್ರಲೋಸ್ ಸುಮಾರು 600 ಪಟ್ಟು. ಸ್ಟೀವಿಯಾ ಒಂದು ಗಿಡದ ಎಲೆಯಿಂದ ತೆಗೆದ ಸಿಹಿ. ಅದರ ಸಂಸ್ಕರಿಸಿದ ಸಾರವನ್ನು ಆಹಾರದಲ್ಲಿ ಬಳಸಲು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಅನುಮತಿ ಕೊಟ್ಟಿತು. ಇವು ರಕ್ತದ ಸಕ್ಕರೆಯನ್ನು ನೇರವಾಗಿ ಏರಿಸುವುದಿಲ್ಲ.

ಆಸ್ಪರ್ಟೇಮ್ ಬಿಸಿಗೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ. ಚಹಾ ಕುದಿಯುವಾಗ ಗುಳಿಗೆ ಹಾಕಿ, ಸಿಹಿಯೇ ಬರಲಿಲ್ಲವೆಂದು ಇನ್ನೆರಡು ಹಾಕುವವರನ್ನು ನೋಡಿದ್ದೇನೆ. ಚಹಾ ಸೋಸಿ ಕಪ್ಪಿಗೆ ಹಾಕಿದ ಮೇಲೆ ಗುಳಿಗೆ ಬೆರೆಸಿ. ಪಾಯಸದಂತೆ ಕುದಿಸುವ ಪದಾರ್ಥಕ್ಕೆ ಸುಕ್ರಲೋಸ್ ಅಥವಾ ಸ್ಟೀವಿಯಾ ಸರಿ. ಫಿನೈಲ್‌ಕೀಟೋನೂರಿಯಾ ಎಂಬ ಹುಟ್ಟಿನಿಂದ ಬರುವ ಅಪರೂಪದ ಕಾಯಿಲೆ ಇದ್ದವರು ಆಸ್ಪರ್ಟೇಮ್ ಮುಟ್ಟಬಾರದು. ಮಕ್ಕಳಿಗೆ ಈ ಯಾವುದನ್ನೂ ಕೊಡಬೇಡಿ, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು.

ಆಸ್ಪರ್ಟೇಮ್‌ನಿಂದ ಕ್ಯಾನ್ಸರ್ ಬರುತ್ತದೆ ಎಂಬ ಸುದ್ದಿ ಎಲ್ಲರ ಮೊಬೈಲಿಗೂ ಬಂದಿದೆ. ನಡೆದದ್ದು ಇಷ್ಟು: 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು "ಕ್ಯಾನ್ಸರ್‌ಕಾರಕ ಆಗಿರಬಹುದು" ಎಂಬ ಗುಂಪಿಗೆ ಸೇರಿಸಿತು, ಆ ಗುಂಪಿಗೆ ಸೇರುವುದು ಸೀಮಿತ ಪುರಾವೆ ಇದ್ದಾಗ. ಅದೇ ಹೊತ್ತಿಗೆ ಆಹಾರ ಸೇರ್ಪಡೆಗಳ ತಜ್ಞ ಸಮಿತಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸುವ ಅಗತ್ಯವಿಲ್ಲ ಎಂದಿತು. 60 ಕಿಲೋ ತೂಕದವರಿಗೆ ಅದು 2,400 ಮಿಲಿಗ್ರಾಂ. ಒಂದು ಗುಳಿಗೆಯಲ್ಲಿ 20 ಮಿಲಿಗ್ರಾಂ ಎಂದು ಹಿಡಿದರೂ ನೂರಕ್ಕೂ ಹೆಚ್ಚು ಗುಳಿಗೆ ಬೇಕು. ಚಹಾಕ್ಕೆ ಒಂದೆರಡು ಗುಳಿಗೆ ಹಾಕುವವರು ನಿದ್ದೆಗೆಡಬೇಕಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ, ತೂಕ ಇಳಿಸಲು ಸಿಹಿಬದಲಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆ ಸಲಹೆ ಮಧುಮೇಹ ಇಲ್ಲದವರಿಗೆ ಕೊಟ್ಟದ್ದು.

ನನಗೆ ಹೆಚ್ಚು ಚಿಂತೆ ಇರುವುದು ಪೊಟ್ಟಣದ ಮೇಲಿನ "ಸಕ್ಕರೆರಹಿತ" ಎಂಬ ಪದದ ಬಗ್ಗೆ. ಒಮ್ಮೆ ಅಂಗಡಿಯೊಂದರಿಂದ ಮಧುಮೇಹಿಗಳಿಗೆಂದೇ ಮಾಡಿದ ಬರ್ಫಿ ತಂದೆವು. ಅವ್ವ ಧೈರ್ಯದಿಂದ ಮೂರು ತಿಂದಳು, ಎರಡು ತಾಸಿನ ನಂತರ ಸಕ್ಕರೆ 240. ಡಬ್ಬಿಯ ಹಿಂಬದಿ ಓದಿದಾಗ ಖರ್ಜೂರ, ಹಾಲಿನಪುಡಿ, ಮಾಲ್ಟಿಟಾಲ್. ಖರ್ಜೂರದಲ್ಲಿ ಇರುವುದು ಸಕ್ಕರೆಯೇ, ಹಾಲಿನಪುಡಿಯಲ್ಲಿ ಹಾಲಿನದೇ ಸಕ್ಕರೆ. ಮಾಲ್ಟಿಟಾಲ್ ಸಕ್ಕರೆಗಿಂತ ಕಡಿಮೆಯಾದರೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆಯುಬ್ಬರ, ಭೇದಿ ಬೇರೆ. ಸಕ್ಕರೆರಹಿತ ಬಿಸ್ಕತ್ತಿನಲ್ಲಿ ಮೈದಾ ಹಾಗೆಯೇ ಇರುತ್ತದೆ. ಚಮಚಗಟ್ಟಲೆ ಹಾಕುವ ಸಿಹಿಪುಡಿಗಳಲ್ಲಿ ಗಾತ್ರ ತುಂಬಲು ಮಾಲ್ಟೊಡೆಕ್ಸ್‌ಟ್ರಿನ್ ಬೆರೆಸಿರುತ್ತಾರೆ, ಅದೂ ಪಿಷ್ಟವೇ. ಡಬ್ಬಿಯ ಮುಂಬದಿಯ ಅಕ್ಷರ ಬಿಡಿ. ಹಿಂಬದಿಯಲ್ಲಿ "ಒಟ್ಟು ಕಾರ್ಬೋಹೈಡ್ರೇಟ್" ಎಂಬ ಸಾಲನ್ನು ಹುಡುಕಿ ಓದಿ.

ನನ್ನ ಅನುಭವದಲ್ಲಿ ಸಿಹಿಬದಲಿ ಒಂದು ಊರುಗೋಲು, ಆರು ತಿಂಗಳಿಗೆ ಸಾಕು. ಚಹಾದ ಸಿಹಿಯನ್ನು ಎರಡು ವಾರಕ್ಕೊಮ್ಮೆ ಅರ್ಧ ಗುಳಿಗೆಯಂತೆ ಇಳಿಸುತ್ತ ಬನ್ನಿ. ಶುಂಠಿ, ಏಲಕ್ಕಿ ಅಥವಾ ನಮ್ಮ ಕಡೆ ಗವತಿ ಚಹಾ ಎನ್ನುವ ಮಜ್ಜಿಗೆಹುಲ್ಲು ಹಾಕಿದರೆ ನಾಲಿಗೆಗೆ ಬೇರೆ ಆಸರೆ ಸಿಗುತ್ತದೆ. ಅವ್ವ ಈಗ ಸಿಹಿಯಿಲ್ಲದ ಚಹಾ ಕುಡಿಯುತ್ತಾಳೆ. ಅಕ್ಕನ ಮನೆಯಲ್ಲಿ ತಪ್ಪಿ ಸಕ್ಕರೆ ಹಾಕಿ ಕೊಟ್ಟರೆ ಅದನ್ನು ಕೆಳಗಿಡುವಷ್ಟು ರುಚಿ ಬದಲಾಗಿದೆ.

ಮನೆಯಲ್ಲಿ ಸಕ್ಕರೆ ಇರಲೇಬೇಕು

ಇದನ್ನು ನಾವು ಭಯದ ಮೂಲಕ ಕಲಿತೆವು. ಗದಗಿನ ಅಕ್ಕನ ಮನೆಯಲ್ಲಿ ಒಂದು ಏಕಾದಶಿಯ ದಿನ ಅವ್ವ ಉಪವಾಸ ಹಿಡಿದಿದ್ದಳು, ಗ್ಲಿಮೆಪಿರೈಡ್ ಗುಳಿಗೆಯನ್ನು ಮಾತ್ರ ಎಂದಿನಂತೆ ನುಂಗಿದ್ದಳು. ಮಧ್ಯಾಹ್ನ ಮೈಯೆಲ್ಲ ಬೆವರು, ಕೈ ನಡುಕ, ಮಾತು ತಡವರಿಕೆ. ಅಕ್ಕ ಓಡಿ ಹೋಗಿ ಒಂದು ಲೋಟ ಶರಬತ್ತು ತಂದು ಕುಡಿಸಿದಳು. ಹತ್ತು ನಿಮಿಷವಾದರೂ ಚೇತರಿಕೆ ಇಲ್ಲ. ಅವ್ವ ಬರುತ್ತಾಳೆಂದು ಅಕ್ಕ ಮನೆಯ ಸಕ್ಕರೆಯನ್ನೆಲ್ಲ ಪಕ್ಕದ ಮನೆಗೆ ಕೊಟ್ಟಿದ್ದಳು. ಆ ಶರಬತ್ತಿನಲ್ಲಿ ಕಲಸಿದ್ದು ಸಿಹಿಪುಡಿ. ಪಕ್ಕದ ಮನೆಯಿಂದ ಸಕ್ಕರೆ ತಂದು ಕುಡಿಸಿದ ಮೇಲೆ ಅವ್ವ ಕಣ್ಣು ಬಿಟ್ಟು ನೋಡಿದಳು.

ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ, ಅಥವಾ ಮೀಟರ್ ಇಲ್ಲದಾಗ ಬೆವರು, ನಡುಕ, ಎದೆಬಡಿತ, ವಿಪರೀತ ಹಸಿವು, ಗಲಿಬಿಲಿ ಕಂಡರೆ, ಮೂರು ಚಮಚ ನಿಜವಾದ ಸಕ್ಕರೆಯನ್ನು ಅಥವಾ 15 ಗ್ರಾಂ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಇನ್ನೂ 70ರೊಳಗೆ ಇದ್ದರೆ ಮತ್ತೊಮ್ಮೆ ಅಷ್ಟೇ ಕೊಡಿ. ಸರಿಯಾದ ಮೇಲೆ ಒಂದು ರೊಟ್ಟಿಯನ್ನೋ ಸ್ವಲ್ಪ ಅನ್ನವನ್ನೋ ತಿನ್ನಿಸಿ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಗುಳಿಗೆಯನ್ನೂ ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಆ ಔಷಧಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅಂಥವರ ಮನೆಯಲ್ಲಿ ಗ್ಲುಕೋಸ್ ಪುಡಿಯೇ ಇರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಶ್ರಾವಣ ಸೋಮವಾರ, ಏಕಾದಶಿ, ಶಿವರಾತ್ರಿಯ ಉಪವಾಸಕ್ಕೆ ಹಿಂದಿನ ವಾರವೇ ವೈದ್ಯರನ್ನು ಕೇಳಿ ಆ ದಿನದ ಗುಳಿಗೆಯನ್ನು ನಿರ್ಧರಿಸಿಕೊಳ್ಳಿ. ಉಪವಾಸದ ಹೆಸರಿನಲ್ಲಿ ಹೊಟ್ಟೆ ತುಂಬ ತಿನ್ನುವ ಸಾಬೂದಾನಿಯೂ ಬರೀ ಪಿಷ್ಟವೇ ಎಂಬುದು ನೆನಪಿರಲಿ.

ಹಬ್ಬಕ್ಕೆ ಮೀಟರ್ ಹಿಡಿದು ತಯಾರಾಗಿ

ಯುಗಾದಿಯ ಹೋಳಿಗೆ, ಪಂಚಮಿಯ ಉಂಡಿ, ಯಾರೋ ತಂದುಕೊಡುವ ಧಾರವಾಡ ಪೇಡೆ, ಇವನ್ನು ಜೀವನಪೂರ್ತಿ ನಿಷೇಧಿಸಿದರೆ ಕದ್ದು ತಿನ್ನುವುದು ಶುರುವಾಗುತ್ತದೆ. ಕದ್ದು ತಿಂದದ್ದು ನೋಟ್‌ಬುಕ್ಕಿಗೆ ಬರುವುದಿಲ್ಲ. ಹಾಗಾಗಿ ಅವ್ವನ ಪಾಲನ್ನು ಮೊದಲೇ ತೆಗೆದಿಡುತ್ತೇವೆ: ಊಟದ ಕೊನೆಯಲ್ಲಿ, ಖಾಲಿ ಹೊಟ್ಟೆಯಲ್ಲಿ ಎಂದೂ ಅಲ್ಲ, ಅರ್ಧ ಹೋಳಿಗೆ ಅಥವಾ ಒಂದು ಪೇಡೆ, ಅದಕ್ಕೆ ಪ್ರತಿಯಾಗಿ ಒಂದು ರೊಟ್ಟಿ ಕಡಿಮೆ, ತಿಂದ ಮೇಲೆ ಹದಿನೈದು ನಿಮಿಷ ಓಣಿಯಲ್ಲಿ ನಡಿಗೆ. ಊಟದ ನಂತರದ ನಡಿಗೆ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆ. ಹಬ್ಬದ ದಿನ ಮಾತ್ರವಲ್ಲ, ದಿನವೂ ಮಾಡುವಂಥದ್ದು. ಹೋಳಿಗೆಯನ್ನು ಸಿಹಿಪುಡಿಯಲ್ಲಿ ಮಾಡಿ ನೋಡಿದೆ. ಹೂರಣಕ್ಕೆ ಹದವನ್ನೂ ಅಂಟನ್ನೂ ಕೊಡುವುದು ಬೆಲ್ಲವೇ ಆದ್ದರಿಂದ ಅದು ಕೂಡಿಬರಲಿಲ್ಲ. ಬೆಲ್ಲದ್ದೇ ಚಿಕ್ಕ ಹೋಳಿಗೆ ಮೇಲು.

ಯಾರಿಗೆ ಎಷ್ಟು ಎಂಬುದನ್ನು ಮೀಟರ್ ಹೇಳುತ್ತದೆ. ಊಟಕ್ಕೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ತಾಸಿಗೆ ಇನ್ನೊಮ್ಮೆ ಪರೀಕ್ಷಿಸಿ, ಎರಡೂ ಅಂಕಿಗಳನ್ನು ಆ ಊಟದ ಎದುರು ಬರೆಯಿರಿ. ಮೀಟರಿಗೆ ಹಾಕುವ ಪರೀಕ್ಷಾ ಪಟ್ಟಿಗಳಿಗೆ (ಸ್ಟ್ರಿಪ್) ದುಡ್ಡು ಬೀಳುವುದರಿಂದ ದಿನವೂ ಬೇಡ. ವಾರಕ್ಕೆ ಒಂದು ಊಟ ಆರಿಸಿ. ಒಂದು ವಾರ ಎರಡು ತೆಳು ರೊಟ್ಟಿ, ಮುಂದಿನ ವಾರ ಅಷ್ಟೇ ಪಲ್ಯದೊಂದಿಗೆ ನವಣೆ ಅನ್ನ, ಅದರ ಮುಂದಿನ ವಾರ ಅದೇ ಊಟದ ನಂತರ ನಡಿಗೆ. ಕೈ ತೊಳೆದು ಒರೆಸಿಕೊಂಡೇ ಬೆರಳು ಚುಚ್ಚಿ, ಬೆಲ್ಲದ ಅಂಟು ಬೆರಳಿನಲ್ಲಿದ್ದರೆ ಅಂಕಿ ಸುಳ್ಳಾಗುತ್ತದೆ. ಮೂರು ತಿಂಗಳಿಗೆ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆ ಕಣ್ಣು, ಮೂತ್ರಪಿಂಡ, ಪಾದಗಳ ತಪಾಸಣೆಗೆ ಹೋಗುವಾಗ ಈ ನೋಟ್‌ಬುಕ್ಕನ್ನೂ ಒಯ್ಯಿರಿ.

ಕಳೆದ ನಾಗರ ಪಂಚಮಿಗೆ ಅವ್ವ ಎರಡು ಶೇಂಗಾ ಉಂಡಿ ತಿಂದಾಗ 228 ಬಂದಿತ್ತು. ಈ ವರ್ಷ ಉಂಡಿ ಕಟ್ಟುವಾಗಲೇ ತನ್ನದನ್ನು ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ ಬೇರೆ ಡಬ್ಬಿಯಲ್ಲಿಟ್ಟುಕೊಂಡಳು. ಊಟವಾದ ಮೇಲೆ ಒಂದು ತಿಂದು, ಜೋಕಾಲಿ ಆಡುವ ಮಕ್ಕಳನ್ನು ನೋಡಲು ಓಣಿಯ ತುದಿಯವರೆಗೆ ನಡೆದು ಬಂದಳು. ಎರಡು ತಾಸಿಗೆ ತಾನೇ ಬೆರಳು ಚುಚ್ಚಿಕೊಂಡು, ಕನ್ನಡಕ ಹಾಕಿಕೊಂಡು ಬರೆದಳು: ಒಂದು ಉಂಡಿ, 171.